ಟ್ಯಾಂಕಿನ ಏರಿನಲ್ಲಿ ಬುಸ್ಸೆಂದ ಕಾರು

ಸಿಸ್ಟರ್ ಕಾರು ಎರಡನೇ ಸಲ ಗ್ಯಾರೇಜಿಗೆ ಬಂದಾಗ ಅದಕ್ಕೆ ಬಲಗಡೆಯ ಕನ್ನಡಿ ಇರಲಿಲ್ಲ. ಕನ್ನಡಿ ಇದ್ದ ಜಾಗದಿಂದ ವೈರುಗಳು ಹೊರಗೆ ಜೋತುಬಿದ್ದಿದ್ದವು. ಅವುಗಳ ತುದಿಗೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿಯನ್ನು ಯಾರೋ ಅಚ್ಚುಕಟ್ಟಾಗಿ ಸುತ್ತಿದ್ದರು.

ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ ಮೇಸ್ತ್ರಿ ಎದ್ದುಬಂದು, ಕೈ ಒರೆಸಿಕೊಳ್ಳುತ್ತಾ ಆ ಪಟ್ಟಿಯನ್ನೇ ನೋಡುತ್ತ ನಿಂತ. ಆಕೆ ಈಗ ಬೈಯುತ್ತಾಳೆ ಅಂದುಕೊಂಡ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ಆಕೆಯಲ್ಲಿ ಬೈಯುವಷ್ಟು ತ್ರಾಣ ಉಳಿದಂತೆ ಕಾಣಲಿಲ್ಲ. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು, ಪಟ್ಟಿ ಬದಲಿಸಿ, ನಳಿಗೆ ಸರಿಮಾಡಿ ಬರುವ ನರ್ಸು ಆಕೆ, ಊರಿಗೆಲ್ಲ ಸಿಸ್ಟರ್. ಸಮವಸ್ತ್ರದ ಮೇಲೊಂದು ಮಾಸಿದ ಸ್ವೆಟರು ಹಾಕಿಕೊಂಡು, ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

"ಮತ್ತೆ ಹಾಗೇ ಆಯ್ತು ಅಣ್ಣ," ಎಂದಳು. "ಅದೇ ಟ್ಯಾಂಕಿನ ಏರಲ್ಲಿ. ಮುಂದೆ ಒಂದು ನೀರಿನ ಲಾರಿ ಹೋಗ್ತಿತ್ತು. ಧೈರ್ಯವಾಗಿ ಓಡಿಸಿ ಅಂದಿದ್ರಲ್ಲ, ಅದಕ್ಕೇ ಹಿಂದೆ ಹಾಕೋಣ ಅಂತ ಬಲಕ್ಕೆ ತಗೊಂಡೆ. ಅರ್ಧ ಲಾರಿ ದಾಟಿದ್ದೆ, ಗಾಡಿ ಜೀವ ಬಿಟ್ಟ ಹಾಗಾಯ್ತು. ಎಷ್ಟು ತುಳಿದರೂ ಏಳಲ್ಲ. ಎದುರಿಗೆ ಬಸ್ಸು."

ಆಕೆ ಜೋತುಬಿದ್ದ ವೈರುಗಳನ್ನು ಬೆರಳಿನಿಂದ ಒಳಕ್ಕೆ ಸರಿಸಿದಳು.

"ಲಾರಿಯವನು ಬ್ರೇಕ್ ಹಾಕಿ ಜಾಗ ಕೊಟ್ಟ. ಪುಣ್ಯಾತ್ಮ. ಬಸ್ಸಿಗೆ ತಾಗಿ ಕನ್ನಡಿ ಒಂದೇ ಹೋಗಿದ್ದು."

ಊರಂಚಿನ ಗುಡ್ಡದ ಮೇಲೆ ಕುಡಿಯುವ ನೀರಿನ ದೊಡ್ಡ ಟ್ಯಾಂಕು ಇತ್ತು. ಅದರ ಸುತ್ತ ಎದ್ದ ಬಡಾವಣೆಗೆ ಹತ್ತುವ ರಸ್ತೆಗೆ ಎಲ್ಲರೂ ಟ್ಯಾಂಕಿನ ಏರು ಎನ್ನುತ್ತಿದ್ದರು. ಸಿಸ್ಟರ್ ನೋಡಿಕೊಳ್ಳುವ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಇದ್ದರು. ಹಿಂದಿನ ವಾರ ಆಕೆ ಮೊದಲ ಸಲ ಬಂದಾಗಲೂ ಇದೇ ದೂರು. ಸಮತಟ್ಟಾದ ರಸ್ತೆಯಲ್ಲಿ ಕಾರು ಚೆನ್ನಾಗಿಯೇ ಓಡುತ್ತದೆ. ಆಮ್ಲಜನಕದ ಸಿಲಿಂಡರು, ಔಷಧಿಯ ಪೆಟ್ಟಿಗೆಗಳನ್ನೆಲ್ಲ ತುಂಬಿಕೊಂಡು ಏರು ಹತ್ತುವಾಗ ಮಾತ್ರ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ ಕಸುವು ಇಳಿದುಹೋಗುತ್ತದೆ. ಎಂಜಿನ್ನಿನ ಹಳದಿ ದೀಪ ಹತ್ತಿಕೊಳ್ಳುತ್ತದೆ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಇಲ್ಲಿಗೆ ಬರುವ ಮುನ್ನ ಗಾಜಿನ ಗೋಡೆಗಳ ದೊಡ್ಡ ಗ್ಯಾರೇಜೊಂದರಲ್ಲಿ ಟರ್ಬೊವನ್ನೇ ಬದಲಾಯಿಸಿ ಕಳಿಸಿದ್ದರು. ಕೆಲವು ದಿನ ಸರಿಯಾಗಿತ್ತು, ಆಮೇಲೆ ಮತ್ತೆ ಅದೇ ರಾಗ.

ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಚಿಕ್ಕ ಫ್ಯಾನು. ಹೆಚ್ಚು ಗಾಳಿ ಹೋದರೆ ಹೆಚ್ಚು ಕಸುವು. ಆ ಗಾಳಿ ನಡುದಾರಿಯಲ್ಲಿ ಎಲ್ಲಾದರೂ ಸೋರಿದರೆ, ಕಾರಿನೊಳಗಿನ ಕಂಪ್ಯೂಟರು ಹೆದರಿಕೊಂಡು ಎಂಜಿನ್ನಿನ ಕೈಕಾಲು ಕಟ್ಟಿಹಾಕುತ್ತದೆ. ಇದು ಮೇಸ್ತ್ರಿಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಮೊದಲ ಸಲ ಬಂದಾಗ ಅವನು ತಡಕಾಡಿ ತಡಕಾಡಿ, ಟರ್ಬೊದ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಸಣ್ಣ ರಬ್ಬರ್ ನಳಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿದ್ದ. ಹೊಸದು ಹಾಕಿದ. ದಪ್ಪ ಗಾಳಿ ಪೈಪುಗಳಿಗೆಲ್ಲ ಕಂಪ್ರೆಸರಿನಿಂದ ಗಾಳಿ ಬಿಟ್ಟು ಸೋಪಿನ ನೀರು ಸುರಿದು ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ಖಾಲಿ ಗಾಡಿಯನ್ನು ಒಬ್ಬನೇ ಟ್ಯಾಂಕಿನ ಏರಿಗೆ ಹತ್ತಿಸಿ ಇಳಿಸಿದ. ಕಡಿದಾದ ತಿರುವಿನಲ್ಲಿ ಒಮ್ಮೆ ದಡ್ ಎಂದದ್ದು ಬಿಟ್ಟರೆ ಕಾರು ಸಲೀಸಾಗಿ ಹೋಗಿತ್ತು. ದಡ್ ಎಂದದ್ದು ರಸ್ತೆಯ ಗುಂಡಿ ಎಂದುಕೊಂಡ. ಬಂದವನೇ ಆಕೆಗೆ ಬೀಗದಕೈ ಕೊಟ್ಟು, "ಇನ್ನೇನೂ ತೊಂದರೆ ಇಲ್ಲ, ಧೈರ್ಯವಾಗಿ ಓಡಿಸಿ ಸಿಸ್ಟರ್" ಎಂದಿದ್ದ.

ಈಗ ಆ ಮಾತೇ ಆಕೆಯ ಬಾಯಿಂದ ತಿರುಗಿ ಬಂದಿತ್ತು.

ಸಿಸ್ಟರ್ ಕಾರಿನ ಹಿಂಬಾಗಿಲು ತೆರೆದು ಪೆಟ್ಟಿಗೆಗಳನ್ನು ಇಳಿಸತೊಡಗಿದಳು. ಅವನಿಗೆ ಬೆನ್ನುಮಾಡಿಕೊಂಡೇ ಏನೋ ಕೇಳಿದಳು. ಅವನು ತಲೆಯಾಡಿಸಿದ. ಆಕೆ ತಿರುಗಿ, ಹುಬ್ಬು ಗಂಟಿಕ್ಕಿ, ಅವನ ಮುಖವನ್ನೇ ನೋಡಿದಳು.

ಗ್ಯಾರೇಜಿನ ಮುಂಭಾಗದಲ್ಲಿ ಬಿಡಿಭಾಗಗಳ ಕೌಂಟರಿನ ಹಿಂದೆ ಅವನ ಹೆಂಡತಿ ಕೂತಿದ್ದಳು. ಅಲ್ಲಿಂದಲೇ ಗಟ್ಟಿಯಾಗಿ ಹೇಳಿದಳು: "ಏರು ಹತ್ತುವಾಗೆಲ್ಲ ಬುಸ್ ಅಂತ ಸದ್ದು ಬರ್ತಿತ್ತಂತೆ ರೀ. ನೀವು ಓಡಿಸಿದಾಗ ಕೇಳಿಸಲಿಲ್ವಾ ಅಂತ ಕೇಳ್ತಿದ್ದಾರೆ."

"ಇರಲಿಲ್ಲ," ಎಂದ ಮೇಸ್ತ್ರಿ. "ನಾನು ಓಡಿಸಿದಾಗ ಅಂಥ ಸದ್ದೇನೂ ಇರಲಿಲ್ಲ."

"ಇತ್ತು ಅಣ್ಣ," ಎಂದಳು ಸಿಸ್ಟರ್, ಜಗಳಕ್ಕೂ ಅಲ್ಲ, ವಾದಕ್ಕೂ ಅಲ್ಲ ಎಂಬಂತೆ. "ಇಲ್ಲಿಂದ ತಗೊಂಡು ಹೋಗಿ ಮೊದಲ ಸಲ ಏರು ಹತ್ತಿದಾಗಲೇ ಇತ್ತು. ನಿಮ್ಮಂಥವರು ನೋಡಿ ಸರಿ ಅಂದಮೇಲೆ ಅದು ಇರೋದೇ ಹಾಗೇನೋ ಅಂದ್ಕೊಂಡೆ."

ಜೊತೆಯ ನರ್ಸೊಬ್ಬಳು ತನ್ನ ಗಾಡಿ ತಂದಳು. ಪೆಟ್ಟಿಗೆಗಳನ್ನು ಅದಕ್ಕೆ ತುಂಬಿಕೊಂಡು ಇಬ್ಬರೂ ಹೊರಟುಹೋದರು.

ಗ್ಯಾರೇಜಿನಲ್ಲಿ ಮೇಸ್ತ್ರಿಯ ಜೊತೆ ಕೆಲಸ ಮಾಡುತ್ತಿದ್ದವನು ಅವನ ಹೆಂಡತಿಯ ತಮ್ಮ. ನಡುವಯಸ್ಸಿಗೆ ಕಾಲಿಡುತ್ತಿದ್ದ ಆ ಭಾವಮೈದನನ್ನು ಬೀದಿಯವರೆಲ್ಲ ಸ್ಕ್ಯಾನರ್ ಎಂದೇ ಕರೆಯುತ್ತಿದ್ದರು. ಯಾವ ಗಾಡಿ ಬಂದರೂ ಮೊದಲು ತನ್ನ ಕೈಮಿಷನ್ನನ್ನು ಅದಕ್ಕೆ ಚುಚ್ಚಿ, ಪರದೆಯನ್ನು ನೋಡಿಯೇ ಬಾಯಿಬಿಡುತ್ತಿದ್ದ. ಈಗಲೂ ಅದನ್ನು ಚುಚ್ಚಿ ಕೂತ.

"ಅದೇ ಕಂಪ್ಲೇಂಟು ಭಾವ. ಗಾಳಿ ಒತ್ತಡ ಕಡಿಮೆ. ಕೇಳಿದಷ್ಟು ಬರ್ತಿಲ್ಲ ಅಂತಿದೆ."

"ಅದು ನನಗೂ ಗೊತ್ತು. ಎಲ್ಲಿ ಸೋರ್ತಿದೆ ಅಂತ ಹೇಳುತ್ತಾ ನಿನ್ನ ಮಿಷನ್ನು?"

"ಅಷ್ಟು ಹೇಳೋ ಹಾಗಿದ್ರೆ ಇಬ್ಬರಿಗೂ ರಜೆ ಕೊಟ್ಟು ಅದೇ ಗ್ಯಾರೇಜ್ ನಡೆಸ್ತಿತ್ತು." ನಕ್ಕು, ಆಮೇಲೆ ದನಿ ತಗ್ಗಿಸಿ ಕೇಳಿದ. ಮೇಸ್ತ್ರಿ "ಆಂ?" ಎಂದ. ಅವನು ಮತ್ತೆ ಹೇಳಿದ: "ಆ ಸದ್ದು ನಿಮಗೆ ನಿಜವಾಗಲೂ ಕೇಳಿಸಲಿಲ್ವಾ ಭಾವ?"

"ಇದ್ದಿದ್ರೆ ಕೇಳಿಸ್ತಿರಲಿಲ್ವೇನೋ?" ಎಂದು ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಟ್ರೇಗೆ ಎಸೆದ. ಅದು ಬಿದ್ದ ರಭಸಕ್ಕೆ ಭಾವಮೈದ ಕಿವಿ ಮುಚ್ಚಿಕೊಂಡ. ಮೇಸ್ತ್ರಿಗೆ ಅಷ್ಟೇನೂ ಜೋರು ಎನಿಸಲಿಲ್ಲ.

ಮಧ್ಯಾಹ್ನವಿಡೀ ಅವನು ಆ ಕಾರನ್ನು ಬಿಟ್ಟು ಅಲ್ಲಾಡಲಿಲ್ಲ. ಎಲ್ಲ ಪೈಪುಗಳಿಗೂ ಮತ್ತೆ ಗಾಳಿ ತುಂಬಿದ, ಮತ್ತೆ ಸೋಪಿನ ನೀರು ಸುರಿದ. ಗುಳ್ಳೆ ಇಲ್ಲ. ಗಾಳಿಯನ್ನು ತಣಿಸುವ ಜಾಲರಿಯನ್ನು ಬಿಚ್ಚಿ ನೋಡಿದ. ಅದೂ ಸರಿಯಿತ್ತು. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅಲ್ಲಲ್ಲಿ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಂತ. ನಡುಗುವುದು ಗೊತ್ತಾಗುತ್ತಿತ್ತು, ಗಡಗಡ ಗೊತ್ತಾಗುತ್ತಿತ್ತು. ಅದಕ್ಕಿಂತ ಸಣ್ಣದು ಏನಿದ್ದರೂ ಅವನವರೆಗೆ ಬಂದು ಮುಟ್ಟುತ್ತಿರಲಿಲ್ಲ.

ಹೀಗಾಗಲು ಶುರುವಾಗಿ ಎಷ್ಟು ಕಾಲವಾಯಿತೆಂದು ಅವನಿಗೂ ತಿಳಿಯದು. ಹರೆಯದಿಂದ ತಗಡು ಬಡಿದು, ಬೋಲ್ಟು ಬಿಚ್ಚುವ ಗಾಳಿಗನ್ನಿನ ಪಕ್ಕದಲ್ಲೇ ತಲೆಯಿಟ್ಟು ಕೆಲಸ ಮಾಡಿದವನು. ಮೊದಲು ಫೋನಿನಲ್ಲಿ ಮಾತು ಕಲಸಿಹೋಗತೊಡಗಿತು. ಫೋನುಗಳ ತಯಾರಿಕೆಯೇ ಕೆಟ್ಟಿದೆ ಎಂದ. ಕುಕ್ಕರಿನ ಸೀಟಿ ಕೇಳಿಸದಾಯಿತು. ಸೀಟಿ ಬದಲಾಯಿಸಿ ತಂದ. ಜನ ಈಚೆಗೆ ಮಾತನ್ನು ನುಂಗಿಕೊಂಡು ಆಡುತ್ತಾರೆ ಎಂದು ದೂರಿದ. ಗಿರಾಕಿಗಳ ತುಟಿ ನೋಡುವುದನ್ನು ಯಾರೂ ಹೇಳಿಕೊಡದೆಯೇ ಕಲಿತುಬಿಟ್ಟಿದ್ದ. ತುಟಿ ಕಾಣದಿದ್ದರೆ ತಲೆಯಾಡಿಸುತ್ತಿದ್ದ. ಅಷ್ಟರಲ್ಲಿ ಕೌಂಟರಿನಿಂದ ಹೆಂಡತಿಯ ದನಿ ಬರುತ್ತಿತ್ತು: "ಬ್ರೇಕ್ ಹಿಡಿದ್ರೆ ಎಡಕ್ಕೆ ಎಳೆಯುತ್ತಂತೆ ರೀ," "ಬೆಳಿಗ್ಗೆ ಸ್ಟಾರ್ಟ್ ಆಗೋದು ತಡವಂತೆ ರೀ." ಅವಳು ಹಾಗೆ ಎಲ್ಲರ ಮಾತನ್ನೂ ಇನ್ನೊಮ್ಮೆ ಹೇಳುವುದು ಏಕೆ ಎಂದು ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ.

ಗ್ಯಾರೇಜಿನ ಹಿಂದೆಯೇ ಮನೆ. ಸಂಜೆ ಶಟರ್ ಎಳೆದು ಅವನು ಅಡುಗೆಮನೆಯ ಮೇಜಿನ ಮುಂದೆ ಕೂತ. ಸೊಂಟ ಹಿಡಿದುಕೊಂಡಿತ್ತು. ಉಗುರಿನ ಸಂದಿಯ ಗ್ರೀಸನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತಿದ್ದ. ಹೆಂಡತಿ ಅವನಿಗೆ ಬೆನ್ನುಮಾಡಿ ನಿಂತು ಪಾತ್ರೆ ತೊಳೆಯುತ್ತಿದ್ದಳು.

"ನಾಳೆ ಬೆಳಿಗ್ಗೆ ನಾನು ಮನೆ ಬಿಟ್ಟು ಹೋಗ್ತಿದ್ದೀನಿ ರೀ," ಎಂದಳು.

"ಹ್ಞೂಂ, ಆಯ್ತು," ಎಂದ ಅವನು.

ಅವಳು ನಲ್ಲಿ ನಿಲ್ಲಿಸಿ, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ತಿರುಗಿದಳು. "ಏನು ಆಯ್ತು?"

"ನೀನು ಹೇಳಿದ್ದು."

"ನಾನೇನು ಹೇಳಿದೆ?"

ಅವನು ಬೆಂಕಿಕಡ್ಡಿಯನ್ನು ನೋಡಿದ. "ಟೀ ಇಡ್ತೀನಿ ಅಂದೆ."

ಅವಳಿಗೆ ನಗು ತಡೆಯಲಾಗಲಿಲ್ಲ. ತಟ್ಟೆಯನ್ನು ಪಕ್ಕಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ಏನೆಂದು ಗೊತ್ತಿಲ್ಲದೆ ಸ್ವಲ್ಪ ನಕ್ಕ. ಆಮೇಲೆ ಅವಳ ನಗು ಹೇಗೋ ಅಲ್ಲಿಗೇ ಆರಿಹೋಯಿತು. ಎದುರಿನ ಕುರ್ಚಿ ಎಳೆದುಕೊಂಡು, ಅವನ ಕಣ್ಣಿಗೆ ನೇರವಾಗಿ ಕೂತಳು.

"ಮನೆ ಬಿಟ್ಟು ಹೋಗ್ತೀನಿ ಅಂದೆ. ನೀವು ಆಯ್ತು ಅಂದ್ರಿ."

ಗ್ರೀಸು ಕೆರೆಯುತ್ತಿದ್ದ ಅವನ ಕೈ ನಿಂತಿತು.

"ಮೊದಮೊದಲು ನಿಮಗೆ ನನ್ನ ಮಾತೇ ಬೇಡವಾಗಿದೆ ಅಂದ್ಕೊಂಡಿದ್ದೆ," ಎಂದಳು. "ಎಷ್ಟು ರಾತ್ರಿ ಅದನ್ನೇ ನುಂಗಿಕೊಂಡು ಮಲಗಿದ್ದೀನೋ. ಒಂದು ದಿನ ನಿಮ್ಮ ಹಿಂದೇನೇ ಡಬ್ಬದ ಮುಚ್ಚಳ ಬಿತ್ತು, ನೀವು ತಿರುಗಿಯೂ ನೋಡಲಿಲ್ಲ. ಆಗ ಗೊತ್ತಾಯ್ತು. ಅವತ್ತು ನನಗೆ ಸಮಾಧಾನ ಆಯ್ತು ಗೊತ್ತಾ? ಗಂಡನಿಗೆ ಕಿವಿ ಕೇಳಿಸಲ್ಲ ಅಂತ ಗೊತ್ತಾಗಿ ಸಮಾಧಾನ ಪಟ್ಟವಳು ನಾನೊಬ್ಬಳೇ ಇರಬೇಕು."

"ಅಷ್ಟೊಂದೇನಿಲ್ಲ. ಸ್ವಲ್ಪ…"

"ಸ್ವಲ್ಪ ಅಲ್ಲ ರೀ. ಎಲ್ಲರ ಮಾತನ್ನೂ ಎರಡೆರಡು ಸಲ ಆಡಿ ನನ್ನ ಬಾಯಿ ಸೋತುಹೋಗಿದೆ. ಮನೇಲಿ ನಾನು ಮಾತೇ ಕಡಿಮೆ ಮಾಡಿದ್ದೀನಿ, ಅದಾದರೂ ಗೊತ್ತಾಗಿದೆಯಾ ನಿಮಗೆ? ದೊಡ್ಡ ವಿಷಯ ಆದ್ರೆ ಕೂಗಿ ಹೇಳಬಹುದು. ಪಕ್ಕದ ಮನೆ ಬೆಕ್ಕು ಹೀಗ್ ಮಾಡ್ತು, ಅಂಗಡಿಯವಳು ಹೀಗಂದ್ಲು ಅನ್ನೋದನ್ನ ಕೂಗಿ ಹೇಳೋಕಾಗುತ್ತಾ? ಎರಡನೇ ಸಲ ಹೇಳೋಷ್ಟರಲ್ಲಿ ಆ ಮಾತು ಸತ್ತುಹೋಗಿರುತ್ತೆ."

ಕೋಪ ಬರಬಹುದೆಂದು ಅವನು ತನ್ನನ್ನೇ ಕಾದು ನೋಡಿದ. ಬರಲಿಲ್ಲ. ಮೈಯಲ್ಲಿ ಅದಕ್ಕೂ ಜಾಗವಿರಲಿಲ್ಲ.

"ಅವರಿಗೆ ಏನಾದ್ರೂ ಆಗಿದ್ರೆ?" ಎಂದ ಕಡೆಗೆ. "ಸಿಸ್ಟರ್‌ಗೆ?"

"ಆಗಿಲ್ಲ."

"ನಾನು ಓಡಿಸಿ ನೋಡಿ ಸರಿ ಇದೆ ಅಂದೆ ಕಣೇ. ಸದ್ದು ಬರ್ತಾ ಇತ್ತಂತೆ. ನನ್ನ ಪಕ್ಕದಲ್ಲೇ, ಕಾಲ ಬುಡದಲ್ಲೇ ಬರ್ತಾ ಇತ್ತು. ನಾನು ಕಿಟಕಿ ತೆಗೆದು ಕೂತಿದ್ದೆ."

ಅವಳು ಅವನ ಕೈಯಿಂದ ಬೆಂಕಿಕಡ್ಡಿಯನ್ನು ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದಳು. "ನಾಳೆ ನಾನೂ ಬರ್ತೀನಿ ಆ ಕಾರಲ್ಲಿ," ಎಂದಳು. "ನನಗೆ ಎಂಜಿನ್ನು ಗೊತ್ತಿಲ್ಲ. ಕಿವಿ ಮಾತ್ರ ನೆಟ್ಟಗಿದೆ."

ಮರುದಿನ ಬೆಳಿಗ್ಗೆ ಹಳೆಯ ಬ್ಯಾಟರಿಗಳನ್ನು ಕಾರಿನ ಡಿಕ್ಕಿಗೆ ತುಂಬಿದರು. ಸಿಸ್ಟರ್ ಸಾಮಾನಿನ ಭಾರಕ್ಕೆ ಸಮ ಆಗಲಿ ಎಂದು ಭಾವಮೈದ ಇನ್ನೊಂದೆರಡನ್ನು ಹೊತ್ತು ತಂದ. ಹಿಂದಿನ ಸೀಟಿನಲ್ಲಿ ಮಿಷನ್ನು ತೊಡೆಯ ಮೇಲಿಟ್ಟುಕೊಂಡು ಕೂತು, "ಸಾಕು ಭಾವ, ಅಕ್ಕನೂ ಇದ್ದಾಳಲ್ಲ, ಭಾರ ಬೇಕಾದಷ್ಟಾಯ್ತು," ಎಂದ. ಅಕ್ಕ ಮುಂದಿನ ಸೀಟಿನಿಂದಲೇ ಕೈ ಹಿಂದೆ ಚಾಚಿ ಅವನ ಮೊಣಕಾಲಿಗೆ ಒಂದು ಬಿಟ್ಟಳು.

ಬಲಗಡೆಯ ಕನ್ನಡಿ ಇಲ್ಲದ ಕಾರನ್ನು ಮೇಸ್ತ್ರಿ ಮೆಲ್ಲಗೆ ಓಡಿಸಿದ. ಅಂಗಡಿಗಳು ಆಗಷ್ಟೇ ಬಾಗಿಲು ತೆರೆಯುತ್ತಿದ್ದವು. ಸಮತಟ್ಟಿನಲ್ಲಿ ಅವಳು ಏನೂ ಹೇಳಲಿಲ್ಲ. ಏರು ಶುರುವಾದದ್ದೇ ಕಿಟಕಿಯ ಗಾಜು ಇಳಿಸಿ, ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿದಳು.

"ಈಗ ಸುಯ್ ಅಂತ ಒಂದು ಸದ್ದು ಶುರುವಾಯ್ತು. ಸಣ್ಣಗೆ. ಕೆಟ್ಟದ್ದು ಅನ್ನಿಸಲ್ಲ."

"ಅದು ಟರ್ಬೊ. ತಿರುಗುವಾಗ ಹಾಗೇ ಇರುತ್ತೆ," ಎಂದ ಅವನು. ಎಷ್ಟೋ ಕಾಲದಿಂದ ಆ ಸುಯ್ ತನಗೆ ಕೇಳಿಸಿಲ್ಲವೆಂದು ಆಗ ಹೊಳೆಯಿತು.

ಕಡಿದಾದ ತಿರುವು ಬಂತು. ಅವನು ಗೇರು ಇಳಿಸಿ ಜೋರಾಗಿ ತುಳಿದ. ಕಾರಿನ ಹೊಟ್ಟೆಯೊಳಗೆ ದಡ್ ಎಂದಿತು. ಅದು ಅವನಿಗೂ ಕೇಳಿಸಿತು; ಕೇಳಿಸಿತು ಎನ್ನುವುದಕ್ಕಿಂತ ಪಾದಕ್ಕೆ ಬಡಿಯಿತು.

"ಬುಸ್!" ಎಂದು ಅವಳು ಚೀರಿಯೇಬಿಟ್ಟಳು. "ಬುಸ್ ಅಂತಿದೆ ರೀ, ಬುಸ್ಸ್ ಅಂತ! ಸೈಕಲ್ ಟ್ಯೂಬಿಂದ ಗಾಳಿ ಬಿಡ್ತಾರಲ್ಲ, ಹಾಗೆ!"

"ಒತ್ತಡ ಬಿತ್ತು ಭಾವ!" ಎಂದು ಹಿಂದಿನಿಂದ ಭಾವಮೈದ ಕೂಗಿದ. ಅಷ್ಟರಲ್ಲಿ ಹಳದಿ ದೀಪ ಹತ್ತಿಕೊಂಡಿತು, ಕಾರು ಮುನಿಸಿಕೊಂಡ ಎಮ್ಮೆಯ ಹಾಗೆ ಕಾಲೆಳೆಯತೊಡಗಿತು. ಹಿಂದೆ ಬರುತ್ತಿದ್ದ ಆಟೋದವನು ಹಾರ್ನ್ ಹೊಡೆಯುತ್ತ, ಏನೋ ಬೈಯುತ್ತ ದಾಟಿ ಹೋದ.

"ಏನಂದ ಅವನು?" ಎಂದ ಮೇಸ್ತ್ರಿ.

"ಅದನ್ನೆಲ್ಲ ನಾನು ಇನ್ನೊಂದು ಸಲ ಹೇಳಲ್ಲ," ಎಂದಳು ಅವಳು.

ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತ. "ದಡ್ ಅಂದಿದ್ದು ಕೇಳಿಸ್ತಾ ನಿನಗೆ?"

"ಕೇಳಿಸ್ತು."

"ದಡ್ ಮೊದಲೋ, ಬುಸ್ ಮೊದಲೋ?"

"ದಡ್ ಮೊದಲು. ಅದರ ಬೆನ್ನಿಗೇ ಬುಸ್."

"ಸರಿಯಾಗಿ ನೋಡಿ ಹೇಳು."

"ಸದ್ದನ್ನ ನೋಡೋದು ಹೇಗೆ ರೀ? ಇನ್ನೊಂದು ಸಲ ಓಡಿಸಿ, ಹೇಳ್ತೀನಿ."

ಮತ್ತೆ ಸ್ಟಾರ್ಟ್ ಮಾಡಿ, ಕೆಳಗಿಳಿದು, ಮತ್ತೆ ಹತ್ತಿಸಿದ. ಈ ಸಲ ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಮೆತ್ತಗೆ ತುಳಿದ. ದಡ್ ಎನ್ನಲಿಲ್ಲ. ಅವಳು ತಲೆಯಲ್ಲಾಡಿಸಿದಳು: ಬುಸ್ ಕೂಡ ಇಲ್ಲ. ಕಾರು ತಿರುವು ದಾಟಿಕೊಂಡು ಹೋಯಿತು. ಮೂರನೇ ಸಲ ಮತ್ತೆ ಜೋರಾಗಿ ತುಳಿದ. ದಡ್. ಅವಳು ಬಾಯಲ್ಲಿ ಹೇಳದೆ ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು. ಆ ಹಿಡಿತದಿಂದಲೇ ಅವನಿಗೆ ಗೊತ್ತಾಯಿತು.

ಮೇಲೆ ಟ್ಯಾಂಕಿನ ನೆರಳಿನಲ್ಲಿ ಗಾಡಿ ನಿಲ್ಲಿಸಿದಾಗ ಅವನ ಬೆನ್ನು ಬೆವರಿತ್ತು.

"ಪೈಪಲ್ಲಿ ತೂತಿದೆ," ಎಂದ. "ಆದ್ರೆ ಎಂಜಿನ್ನು ಅಲ್ಲಾಡಿದಾಗ ಮಾತ್ರ ಅದು ಬಾಯಿ ಬಿಡುತ್ತೆ. ನಾನು ಗಾಡಿ ನಿಲ್ಲಿಸಿಕೊಂಡು ಗಾಳಿ ಬಿಟ್ಟು ನೋಡಿದೆ. ನಿಂತ ಎಂಜಿನ್ನು ಅಲ್ಲಾಡುತ್ತಾ? ಇಲ್ಲ. ಅದಕ್ಕೇ ಗುಳ್ಳೆ ಬರಲಿಲ್ಲ." ಭಾವಮೈದನ ಕಡೆ ತಿರುಗಿದ. "ದಡ್ ಅನ್ನೋದು ಗುಂಡಿ ಅಲ್ಲ ಕಣೋ. ಎಂಜಿನ್ನು ಕೂರೋ ರಬ್ಬರ್ ಮೆತ್ತೆ ಹರಿದಿದೆ. ಜೋರಾಗಿ ತುಳಿದಾಗ ಎಂಜಿನ್ನು ಎದ್ದು ಹಿಂದಕ್ಕೆ ಬೀಳುತ್ತೆ, ಪೈಪನ್ನ ಜಗ್ಗುತ್ತೆ."

"ನಮ್ಮ ಮಿಷನ್ನಲ್ಲಿ ದಡ್ ಅನ್ನೋದಕ್ಕೆ ನಂಬರೇ ಇಲ್ಲ ಭಾವ," ಎಂದ ಭಾವಮೈದ. ತಮಾಷೆಗೆ ಹೇಳಿದರೂ ಮುಖದಲ್ಲಿ ನಿರಾಳವಿತ್ತು.

ಗ್ಯಾರೇಜಿಗೆ ಮರಳಿ ಕಾರನ್ನು ಲಿಫ್ಟಿನ ಮೇಲೆ ಎತ್ತಿದರು. ಪೈಪುಗಳಿಗೆ ಗಾಳಿ ತುಂಬಿ, ಭಾವಮೈದ ಉದ್ದನೆಯ ಕಬ್ಬಿಣದ ಸರಳನ್ನು ಎಂಜಿನ್ನಿನ ಅಡಿಗೆ ಕೊಟ್ಟು ಮೀಟಿದ. ಎಂಜಿನ್ನು ಒಂದು ಕಡೆಗೆ ವಾಲಿತು, ವಾಲಬಾರದಷ್ಟು ವಾಲಿತು. ಮೇಸ್ತ್ರಿ ಕೆಳಗಿನ ದಪ್ಪ ಪೈಪಿನ ಮೇಲೆ ಸೋಪಿನ ನೀರು ಸುರಿಯುತ್ತ ಹೋದ. ಅದನ್ನು ಬಿಗಿದಿದ್ದ ಕ್ಲಾಂಪಿನ ಹಿಂದೆ, ಪೈಪು ಮಡಚಿಕೊಳ್ಳುವ ಸಂದಿಯಲ್ಲಿ, ಕಣ್ಣಿಗೂ ಕೈಗೂ ಸಿಗದ ಜಾಗದಲ್ಲಿ ಬಿಳಿ ನೊರೆ ಉಕ್ಕಿ ಬಂತು. ಸರಳು ಸಡಿಲಿಸಿದರೆ ನೊರೆ ನಿಲ್ಲುತ್ತಿತ್ತು. ಮೀಟಿದರೆ ಮತ್ತೆ ಉಕ್ಕುತ್ತಿತ್ತು.

"ಈಗಲೂ ಬುಸ್ ಅಂತಿದೆ," ಎಂದಳು ಕೌಂಟರಿನಿಂದ ಎದ್ದುಬಂದು ನಿಂತಿದ್ದ ಹೆಂಡತಿ.

"ಕಾಣಿಸ್ತಿದೆ," ಎಂದ ಅವನು.

ಪೈಪು, ರಬ್ಬರ್ ಮೆತ್ತೆ ಎರಡನ್ನೂ ತರಿಸಿ ಹಾಕುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಯಿತು. ಹೊಸ ಕನ್ನಡಿಯನ್ನೂ ಕೂರಿಸಿದರು. ಬ್ಯಾಟರಿ ತುಂಬಿಕೊಂಡು ಮೂವರೂ ಮತ್ತೆ ಏರು ಹತ್ತಿ ಬಂದರು. ಈ ಸಲ ಅವಳು ಸುಯ್ ಒಂದೇ ಎಂದಳು.

ಸಿಸ್ಟರ್ ಸಂಜೆ ಬಸ್ಸಿನಲ್ಲಿ ಬಂದಿಳಿದಳು. ಮೇಸ್ತ್ರಿ ಹರಿದ ಪೈಪನ್ನು ಬೆಂಚಿನ ಮೇಲಿಟ್ಟು, ಬಗ್ಗಿಸಿ ಬಾಯಿ ತೆರೆಸಿ ತೋರಿಸಿದ. ಏನಾಗಿತ್ತು, ಏಕೆ ಸಿಕ್ಕಿರಲಿಲ್ಲ ಎಂದೆಲ್ಲ ವಿವರಿಸಿದ. ಆಕೆ ಪೈಪನ್ನು ಗಾಯ ನೋಡುವಂತೆ ಬೆಳಕಿಗೆ ಹಿಡಿದು ನೋಡಿದಳು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಭಾವಮೈದ ಅದೇ ಆಸೆಯಿಂದ ಅವನ ಮುಖ ನೋಡುತ್ತಿದ್ದ.

"ಇನ್ನೊಂದು ಮಾತು ಸಿಸ್ಟರ್," ಎಂದ ಮೇಸ್ತ್ರಿ. "ನಾನು ಮೊದಲ ಸಲ ಓಡಿಸಿದಾಗಲೂ ಸದ್ದು ಇದ್ದಿರಬೇಕು. ನನಗೆ ಕೇಳಿಸಲಿಲ್ಲ. ನನಗೆ ಸಣ್ಣ ಸದ್ದು ಕೇಳಿಸಲ್ಲ. ನಿನ್ನೆ ಇವಳು ಪಕ್ಕದಲ್ಲಿ ಕೂತು ಹೇಳಿದಳು, ಅದಕ್ಕೇ ಸಿಕ್ಕಿದ್ದು."

ಆಕೆ ಪೈಪನ್ನು ಕೆಳಗಿಟ್ಟಳು. "ನನಗೆ ಮೊನ್ನೆಯೇ ಅನ್ನಿಸ್ತು," ಎಂದಳು. "ನಾನು ಬೆನ್ನುಮಾಡಿ ಕೇಳಿದಾಗ ನೀವು ಸುಮ್ಮನೆ ತಲೆ ಆಡಿಸಿದ್ರಿ. ನನ್ನ ರೋಗಿಗಳಲ್ಲಿ ಅರ್ಧ ಜನ ಹಾಗೇ ಮಾಡ್ತಾರೆ."

"ತಪ್ಪಾಯ್ತು."

"ಹೌದು," ಎಂದಳು ಸಿಸ್ಟರ್. ಇರಲಿ ಬಿಡಿ ಎನ್ನಲಿಲ್ಲ. "ಆ ಬಸ್ಸಿನ ಡ್ರೈವರ್ ಮುಖ ಇನ್ನೂ ನನ್ನ ಕಣ್ಣ ಮುಂದಿದೆ ಅಣ್ಣ. ಕಣ್ಣು ಅಷ್ಟಗಲ ಬಿಟ್ಟುಕೊಂಡಿದ್ದ. ಸದ್ದು ನನಗೆ ಗೊತ್ತಾಗಲ್ಲ ಅಂತ ಅವತ್ತೇ ಹೇಳಿದ್ದಿದ್ರೆ ನಾನು ಆ ಲಾರಿ ಹಿಂದೇನೇ ನಿಧಾನಕ್ಕೆ ಹೋಗ್ತಿದ್ದೆ."

ಮೇಸ್ತ್ರಿ ತಲೆ ತಗ್ಗಿಸಿದ. ಆಕೆ ಅವನ ಮುಖ ಮೇಲೇಳುವವರೆಗೆ ಕಾದು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು: "ಕಿವಿಗೆ ತೋರಿಸಿ. ಮುಂದಕ್ಕೆ ಹಾಕಬೇಡಿ. ಹೋದದ್ದು ವಾಪಸ್ ಬರಲ್ಲ, ಇರೋದು ಉಳಿಯುತ್ತೆ." ಮೇಸ್ತ್ರಿಯ ಹೆಂಡತಿಯ ಕಡೆ ತಿರುಗಿ, ಯಾವ ಆಸ್ಪತ್ರೆ, ಯಾವ ಹೊತ್ತಿಗೆ ಹೋದರೆ ಜನ ಕಡಿಮೆ ಎಂದು ತಿಳಿಸಿದಳು. ಕಾರು ಹತ್ತಿ, ಹೊಸ ಕನ್ನಡಿಯನ್ನು ತನ್ನ ಕಣ್ಣಿಗೆ ಹೊಂದಿಸಿಕೊಂಡು ಹೊರಟಳು.

ಎರಡು ದಿನ ಬಿಟ್ಟು ಆಕೆಯ ಫೋನು ಬಂತು. ಹೆಂಡತಿಯೇ ಎತ್ತಿಕೊಂಡಳು. ಗಾಡಿ ತುಂಬ ಸಾಮಾನು ಹೇರಿಕೊಂಡು ಹತ್ತಿದ್ದಾಯಿತಂತೆ, ಎಲ್ಲೂ ನಿಲ್ಲಲಿಲ್ಲವಂತೆ, ಆದರೂ ಇನ್ನೂ ಯಾವ ಲಾರಿಯನ್ನೂ ಹಿಂದೆ ಹಾಕುವ ಧೈರ್ಯ ಬಂದಿಲ್ಲವಂತೆ.

ಆಸ್ಪತ್ರೆಯಲ್ಲಿ ಮೇಸ್ತ್ರಿಯನ್ನು ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕೆಂದರು. ಮೊದಲು ಚೆನ್ನಾಗಿಯೇ ಒತ್ತಿದ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದು ಕಿಟಕಿಯ ಆಚೆ ನೋಡಿದ. ಅಲ್ಲಿದ್ದ ಹೆಂಗಸಿನ ಬೆರಳು ಒಂದರ ಮೇಲೊಂದು ಗುಂಡಿಗಳನ್ನು ಒತ್ತುತ್ತಲೇ ಇತ್ತು. ಅವಳ ಹಿಂದೆ ನಿಂತಿದ್ದ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಿದ್ದಳು. ಆಗ ಅವನಿಗೆ ಎಲ್ಲ ತಿಳಿಯಿತು.

ಕಿವಿಯ ಹಿಂದೆ ಕೂರುವ ಎರಡು ಸಣ್ಣ ಯಂತ್ರಗಳನ್ನು ಕೊಟ್ಟರು. ಮಾತು ಮೊದಲಿಗಿಂತ ಚೆನ್ನಾಗಿ ಕೇಳಿಸುತ್ತದೆ, ತೀರ ಸಣ್ಣ ಸದ್ದುಗಳು ಮಾತ್ರ ಮರಳುವುದಿಲ್ಲ ಎಂದರು ಡಾಕ್ಟರು. ಮೊದಲ ವಾರ ಅವನಿಗೆ ತಲೆ ಚಿಟ್ಟುಹಿಡಿಯಿತು. ತಟ್ಟೆಗೆ ಚಮಚ ತಾಗಿದರೆ ಬೆಚ್ಚುತ್ತಿದ್ದ. ಗ್ಯಾರೇಜಿನಲ್ಲಂತೂ ಗಾಳಿಗನ್ನಿನ ಆರ್ಭಟಕ್ಕೆ ಅವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಅವುಗಳ ಬದಲು ಕಿವಿ ಮುಚ್ಚುವ ಮಫ್ ಹಾಕಿಕೊಂಡ, ಭಾವಮೈದನಿಗೂ ಗದರಿಸಿ ಒಂದು ಕೊಡಿಸಿದ. ಗಾಡಿ ಓಡಿಸಿ ನೋಡಲು ಇನ್ನು ಮುಂದೆ ಒಬ್ಬನೇ ಹೋಗುವುದಿಲ್ಲವೆಂದು ತೀರ್ಮಾನವಾಯಿತು. ಭಾವಮೈದನಿಗೆ ಬಿಡುವಿಲ್ಲದಿದ್ದರೆ ಹೆಂಡತಿ ಕೌಂಟರಿಗೆ ಬೀಗ ಹಾಕಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಇದರಿಂದ ಕೆಲಸ ನಿಧಾನವಾಯಿತು. ಕೆಲವು ಗಿರಾಕಿಗಳು ಬೇರೆ ಕಡೆ ಹೋದರು. ಮೇಸ್ತ್ರಿಗೆ ಅದರ ಬೇಸರ ಇದ್ದೇ ಇತ್ತು. ಸಂಜೆ ಹೊತ್ತು ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಿದ್ದ.

ಒಂದು ಮಧ್ಯಾಹ್ನ ಸಾಮಾನು ಸಾಗಿಸುವ ವ್ಯಾನಿನವನೊಬ್ಬ ಬಂದ. ಬ್ರೇಕ್ ಹಾಕಿದಾಗ ಹಿಂದಿನ ಚಕ್ರದ ಕಡೆ ಏನೋ ಆಗುತ್ತದೆ ಎಂದು ಶುರುಮಾಡಿದವನು, ಹೇಳುತ್ತ ಹೇಳುತ್ತ ವ್ಯಾನಿನ ಹಿಂದಕ್ಕೆ ನಡೆದುಬಿಟ್ಟ. ಮಾತು ಅವನ ಜೊತೆಗೇ ಆ ಕಡೆ ಹೋಯಿತು. ಮೇಸ್ತ್ರಿಯ ತಲೆ ಅಭ್ಯಾಸಬಲದಿಂದ ಇನ್ನೇನು ಅಲ್ಲಾಡಬೇಕು, ಅಷ್ಟರಲ್ಲಿ ಅವನು 'ಸ್ವಲ್ಪ ಇರಿ' ಎಂದು ಕೈ ಎತ್ತಿದ. ಕೌಂಟರಿನಲ್ಲಿ ಹೆಂಡತಿ ಬಾಯಿ ತೆರೆದಿದ್ದವಳು ಸುಮ್ಮನಾದಳು.

"ನನಗೆ ಕಿವಿ ಮಂದ ಅಣ್ಣ," ಎಂದ ಮೇಸ್ತ್ರಿ. "ಈ ಕಡೆ ಬಂದು, ಎದುರಿಗೆ ನಿಂತು ಹೇಳಿ."

ವ್ಯಾನಿನವನು ಬಂದು, ಒಂದು ಖಾಲಿ ಡಬ್ಬ ಎಳೆದುಕೊಂಡು ಎದುರಿಗೆ ಕೂತು, ತನ್ನ ಗಾಡಿಯ ಕಷ್ಟವನ್ನು ಮೊದಲಿನಿಂದ ಹೇಳತೊಡಗಿದ.